ಎರಡು ಮನೆಯ ಸೊಪ್ಪು

ಶಿಡ್ಲಘಟ್ಟ
9 ಜೂನ್ 2024

ವನಿತಾ,

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಅಂತ ನಗಬೇಡ. ಫೋನ್ ಮಾಡಿದರೆ ನನ್ನ ತಮ್ಮ ಸುರೇಶ ಸ್ಪೀಕರ್ ಹಾಕುತ್ತಾನೆ. ನಾನು ಒಂದು ಮಾತು ಅಂದರೆ ಅಮ್ಮ ಅದಕ್ಕೆ ನಾಲ್ಕು ಸೇರಿಸುತ್ತಾಳೆ, ನೀನು ಬಾಯಿ ಬಿಡದೆ ಪಾತ್ರೆ ಸದ್ದು ಮಾಡುತ್ತೀಯ. ಅದಕ್ಕೇ ಇದನ್ನು ಸೊಪ್ಪಿನ ಚೀಲದೊಳಗೆ ಇಟ್ಟಿದ್ದೇನೆ. ಸುರೇಶ ಕೋಗಿಲು ಕ್ರಾಸಿನಲ್ಲಿ ಬಸ್ಸಿನಿಂದ ಚೀಲ ಇಳಿಸಿಕೊಂಡು ಬರುತ್ತಾನೆಯೇ ಹೊರತು ಅದರ ಬಾಯಿ ಬಿಚ್ಚುವವನಲ್ಲ. ಬಿಚ್ಚುವವಳು ನೀನು.

ಮೊನ್ನೆ ನಿಮ್ಮ ಪಕ್ಕದ ಮನೆ ದ್ರೌಪದಮ್ಮ ಇಲ್ಲಿಗೆ ಮದುವೆಗೆ ಬಂದಿದ್ದಳು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತು, "ರಾಧಾಮಣಿ, ನೀನ್ ಕಳ್ಸೋ ಬೆರಕೆ ಸೊಪ್ಪು ಬೋ ಎಳೇದಾಗಿರ್ತದೆ ಕಣೇ. ನಿಮ್ ವನಿತಾ ವಾರ ವಾರ ತಂದು ಕೊಡ್ತಾಳೆ" ಅಂದಳು. ನನ್ನ ಕೈಯ ತುತ್ತು ಎಲೆಗೇ ಬಿತ್ತು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬಗ್ಗಿ, ಅಣ್ಣೆ, ಹೊನಗೊನೆ, ಚಕ್ಕೋತ ಅಂತ ಆರಿಸಿ ಕಿತ್ತು ನಾನು ಕಳಿಸುವುದು ದ್ರೌಪದಮ್ಮನ ಮನೆ ಮುದ್ದೆಗೋ?

ಅಟ್ಟೂರಿನ ಹೊಲದಲ್ಲಿ ಸೊಪ್ಪು ಕಿತ್ತು ನಮ್ಮನ್ನು ಸಾಕಿದವಳು ಅಮ್ಮ. ಈಗ ಆ ಹೊಲದಲ್ಲಿ ನಿಮ್ಮ ಬಾಡಿಗೆ ಮನೆಗಳಿವೆ, ಇರಲಿ. ಮಹಡಿಯ ಗೃಹಪ್ರವೇಶದ ದಿನ ನೆಂಟರ ಮುಂದೆಲ್ಲ ಅವಳು, "ವನಿತಾ ಸಾರು ತಿಂದ್ಮೇಲೆ ಇನ್ಯಾರ್ದೂ ಬಾಯ್ಗೆ ಇಡ್ಸಕಿಲ್ಲ" ಅಂದಾಗ ನಾನು ಹಿಂದೆಯೇ ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ನೀನು ಸೆರಗು ಸರಿಮಾಡಿಕೊಂಡು ಸುಮ್ಮನೆ ನಕ್ಕೆ. ಆ ನಗುವನ್ನು ನಾನು ಇನ್ನೂ ಮರೆತಿಲ್ಲ. ಹೊಟ್ಟೆಕಿಚ್ಚು ಅನ್ನು, ಬೇಕಾದರೆ. ಹೌದು, ಹೊಟ್ಟೆಕಿಚ್ಚೇ.

ಅಮ್ಮನಿಗೆ ನನ್ನ ಸೊಪ್ಪು ಯಾಕೆ ಕೊಡುವುದಿಲ್ಲ ಅಂತ ಖಾಲಿ ಚೀಲದಲ್ಲಿ ಬರೆದು ಕಳಿಸು.

ರಾಧಾಮಣಿ

*

ಅಟ್ಟೂರು, ಯಲಹಂಕ
16 ಜೂನ್ 2024

ಅಕ್ಕನವರಿಗೆ ವನಿತಾ ಮಾಡುವ ನಮಸ್ಕಾರಗಳು.

ಸೊಪ್ಪು ಪಕ್ಕದ ಮನೆಗೆ ಕೊಟ್ಟಿದ್ದು ನಿಜ. ಅಷ್ಟು ದೂರದಿಂದ ಪ್ರೀತಿಯಿಂದ ಕಳಿಸುತ್ತೀರಿ, ಬೇಡ ಅನ್ನಲು ಬಾಯಿ ಬರಲಿಲ್ಲ. ಬಿಸಾಡಲು ಕೈ ಬರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಎದೆಗೆ ಲೋಹದ ವಾಲ್ವ್ ಹಾಕಿದ್ದು ನಿಮಗೆ ಗೊತ್ತಲ್ಲ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅಂದಿನಿಂದ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಸೊಪ್ಪಿನಲ್ಲಿರುವುದು ಆ ಮಾತ್ರೆಯ ಕೆಲಸ ಕೆಡಿಸುತ್ತದಂತೆ. ಡಿಸ್ಚಾರ್ಜ್ ದಿನ ಡಾಕ್ಟರ ಹತ್ತಿರ ಮಾತಾಡಿ ಬಂದ ನಿಮ್ಮ ತಮ್ಮ, "ಇನ್ಮೇಲೆ ಅಮ್ಮ ಸೊಪ್ಪು ಮುಟ್ಟಂಗಿಲ್ಲ" ಅಂದರು. ಅವತ್ತಿನಿಂದ ನಾನು ಅವರ ತಟ್ಟೆಗೆ ಕೊತ್ತಂಬರಿ ಎಸಳೂ ಹಾಕಿಲ್ಲ. ಬಸ್ಸಾರು ಮಾಡಿದ ದಿನ ಅವರಿಗೆ ಬೇರೆ ತಿಳಿಸಾರು.

ನೀವು ಬೇಜಾರು ಮಾಡಿಕೊಳ್ಳಬೇಡಿ. ಅತ್ತೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದು ದಿನಾ ಜೊತೆಗಿರುವವರಿಗೆ ಗೊತ್ತಿರುತ್ತದೆ.

ಚೀಲ ಖಾಲಿ ಕಳಿಸಬಾರದು ಅಂತ ನಿಪ್ಪಟ್ಟು ಇಟ್ಟಿದ್ದೇನೆ. ಅತ್ತೆಗೆ ತುಂಬಾ ಹಿಡಿಸಿತು.

ವನಿತಾ

*

ಶಿಡ್ಲಘಟ್ಟ
25 ಆಗಸ್ಟ್ 2024

ವನಿತಾ,

ನಿಪ್ಪಟ್ಟು ಉಪ್ಪಾಗಿತ್ತು. ನಮ್ಮ ಮನೆಯವರು ಚೆನ್ನಾಗಿದೆ ಅಂತ ತಿಂದರು. ಅವರಿಗೆ ಯಾರು ಏನು ಕೊಟ್ಟರೂ ಚೆನ್ನಾಗಿಯೇ ಇರುತ್ತದೆ.

ಅಮ್ಮ ಶ್ರಾವಣ ಕಳೆಯಲು ನನ್ನ ಹತ್ತಿರ ಬಂದಾಗಿನಿಂದ ಮನೆಗೆ ಒಂದು ಕಳೆ ಬಂದಿದೆ. ಆಪರೇಶನ್ ಆದ ಹೊಸದರಲ್ಲಿ ಏನೋ ಪಥ್ಯ ಅಂದಿದ್ದರು, ಬಾಣಂತಿ ಪಥ್ಯದ ಹಾಗೆ ಅದೂ ಎಂದೋ ಮುಗಿದಿರಬೇಕು ಅಂದುಕೊಂಡಿದ್ದೆ. ನಿನ್ನ ಕಾಗದ ಓದಿ ಅಮ್ಮನನ್ನೇ ಕೇಳಿದೆ. "ಅಯ್ಯೋ, ಆ ವನಿತಾ ಸೊಪ್ಪಿನ್ ಮಕನೇ ತೋರ್ಸಕಿಲ್ಲ ಕಣವ್ವಾ. ನಾಲ್ಗೆ ಸತ್ತೋಗದೆ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವತ್ತೇ ಮಸ್ಸೊಪ್ಪು ಮಾಡಿದೆ. ಮರುದಿನ ಬಸ್ಸಾರು. ಆಮೇಲೆ ದಿನಾ ಏನಾದರೂ ಒಂದು. ಬೆರಳು ಚೀಪುತ್ತಾಳೆ, ನೋಡಬೇಕು ನೀನು. ಒಂದು ಮುದ್ದೆ ನುಂಗಲು ಕಷ್ಟಪಡುತ್ತಿದ್ದವಳು ಇನ್ನೊಂದು ತಾ ಅನ್ನುತ್ತಾಳೆ.

ಏನೂ ಆಗಲಿಲ್ಲ. ಒಂದು ಹನಿ ರಕ್ತ ಎಲ್ಲೂ ಬರಲಿಲ್ಲ. ಮಾತ್ರೆ ತಪ್ಪದೆ ಕೊಡುತ್ತಿದ್ದೇನೆ. ಸುರೇಶ ಅದೇನೋ ರಕ್ತದ ಟೆಸ್ಟು ಮಾಡಿಸು ಅಂದಿದ್ದ, ಇಷ್ಟು ಚೆನ್ನಾಗಿ ಇರುವವಳಿಗೆ ಸೂಜಿ ಯಾಕೆ ಅಂತ ಬಿಟ್ಟೆ. ಮುಂದಿನ ವಾರ ಕರೆದುಕೊಂಡು ಹೋಗುತ್ತಾನಂತೆ. ಅವಳು ಹೋಗುವ ದಿನ ಯಾಕಾದರೂ ಬರುತ್ತದೋ.

ನನ್ನ ಅಮ್ಮನಿಗೆ ಏನು ಆಗುತ್ತದೆ ಅನ್ನುವುದು ಅವಳ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಒಂಚೂರು ಗೊತ್ತಿರುತ್ತದೆ.

ರಾಧಾಮಣಿ

*

ಅಟ್ಟೂರು
8 ಸೆಪ್ಟೆಂಬರ್ 2024

ಅಕ್ಕ,

ಅತ್ತೆ ಬಂದ ಮರುದಿನವೇ ಟೆಸ್ಟ್ ಮಾಡಿಸಿದೆವು. ರಕ್ತ ಇರಬೇಕಾದಷ್ಟು ತೆಳುವಾಗಿಲ್ಲ. ರಿಪೋರ್ಟ್ ನೋಡಿ ಡಾಕ್ಟರ್ ಹುಬ್ಬು ಗಂಟಿಕ್ಕಿದರು. ವಾಲ್ವಿನಲ್ಲಿ ಗಡ್ಡೆ ಕಟ್ಟಿ ಮಿದುಳಿಗೆ ಹೋಗಿದ್ದರೆ ಲಕ್ವ ಹೊಡೆಯುತ್ತಿತ್ತು ಅಂದರು. ಏನೂ ಆಗಲಿಲ್ಲ ಅಂತ ಬರೆದಿದ್ದಿರಿ. ಇದು ಹೊರಗೆ ಕಾಣುವಂಥದ್ದಲ್ಲ.

"ಏನಾದ್ರೂ ಊಟ ಬದಲಾಯ್ತಾ" ಅಂತ ಅವರು ಕೇಳಿದರು. "ಮಗಳ ಮನೆಗೆ ಹೋಗಿದ್ರು ಸಾರ್" ಅಂದೆ, ಅಷ್ಟೇ. ನಿಮ್ಮ ಸೊಪ್ಪಿನ ವಿಷಯ ಹೇಳಿ ನಿಮ್ಮ ಮರ್ಯಾದೆ ತೆಗೆಯಲಿಲ್ಲ. ಮಾತ್ರೆ ಜಾಸ್ತಿ ಬರೆದುಕೊಟ್ಟಿದ್ದಾರೆ.

ಇಲ್ಲಿ ಬಂದ ಮೇಲೆ ಮತ್ತೆ ಮೊದಲಿನ ಹಾಗೇ ಪಥ್ಯ ಇಟ್ಟಿದ್ದೇನೆ. ಅತ್ತೆ ತಟ್ಟೆ ಮುಂದೆ ಕೂತು, "ರಾಧಾಮಣಿ ಮನೇಲಿ ಇಂಗಿರ್ನಿಲ್ಲ" ಅನ್ನುತ್ತಾರೆ. ದಿನಾ ಅನ್ನುತ್ತಾರೆ.

ವನಿತಾ

*

ಶಿಡ್ಲಘಟ್ಟ
17 ನವೆಂಬರ್ 2024

ವನಿತಾ,

ಅಮ್ಮನ ಒಸಡಿನಲ್ಲಿ ರಕ್ತ ಬಂದು ದಿಂಬು ಕೆಂಪಾಗಿತ್ತಂತೆ, ತೋಳಿನ ತುಂಬ ನೀಲಿ ಕಟ್ಟಿತ್ತಂತೆ. ಇದನ್ನೂ ದ್ರೌಪದಮ್ಮನ ಬಾಯಿಂದ ಕೇಳಬೇಕಾಯಿತು. ನೀನು ಎರಡು ತಿಂಗಳು ಖಾಲಿ ಚೀಲದಲ್ಲಿ ಕೋಡುಬಳೆ ಕಳಿಸುತ್ತಾ ಕೂತಿದ್ದೆ.

ನನ್ನ ಮನೆಯಲ್ಲಿ ಅವಳ ರಕ್ತ ಗಟ್ಟಿಯಾದರೆ ಅರ್ಧ ಹಾಳೆ ಬರೆಯುತ್ತೀಯ. ನಿನ್ನ ಮನೆಯಲ್ಲಿ ರಕ್ತ ಸೋರಿದರೆ ಒಂದು ಗೆರೆ ಇಲ್ಲ. ಮರ್ಯಾದೆ ಉಳಿಸಿದ್ದು ಯಾರದ್ದು ಅಂತ ಈಗ ಗೊತ್ತಾಯಿತು.

ಇನ್ನು ಸೊಪ್ಪು ಕಳಿಸುವುದಿಲ್ಲ. ಕಾಗದವೂ ಇಲ್ಲ.

ರಾಧಾಮಣಿ

*

ಅಟ್ಟೂರು
19 ಜನವರಿ 2025

ಅಕ್ಕ,

ನೀವು ಸೊಪ್ಪು ನಿಲ್ಲಿಸಿದ ಮೇಲೆ ಬಸ್ಸಿನಲ್ಲಿ ಚೀಲವೂ ಇಲ್ಲ. ಈ ಸಲ ಚೀಲವನ್ನು ನಾನೇ ಕಳಿಸುತ್ತಿದ್ದೇನೆ. ನಿಮ್ಮ ತಮ್ಮ ಫೋನಿನಲ್ಲಿ "ಅಮ್ಮಂಗೆ ಕೈಗೆ ಸ್ವಲ್ಪ ಏಟಾಗಿದೆ" ಅಂತ ಹೇಳಿದ್ದಾರೆ. ಸ್ವಲ್ಪ ಅಲ್ಲ. ಮಣಿಕಟ್ಟು ಮುರಿದಿದೆ.

ಬೀಳಲಿಲ್ಲ, ಜಾರಲಿಲ್ಲ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏಳಲು ಕೈ ಊರಿದರು, ಲಟಕ್ ಅಂತು. ನಾನು ಒಳಗಿದ್ದವಳು ಕಡ್ಡಿ ಮುರಿದ ಸದ್ದು ಅಂದುಕೊಂಡೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ, ಮೂಳೆಯ ಸ್ಕ್ಯಾನ್ ಕೂಡ ಮಾಡಿಸಿದರು. ಮೂಳೆ ತುಂಬಾ ಸವೆದಿದೆಯಂತೆ.

ಈ ಸಲ ನಾನು ಹೃದಯದ ಡಾಕ್ಟರ ಮುಂದೆ ಎಲ್ಲ ಹೇಳಿದೆ. ನಾನು ಇಷ್ಟು ವರ್ಷ ಸೊಪ್ಪು ಕೊಡದೇ ಇದ್ದದ್ದು, ನೀವು ಒಂದು ತಿಂಗಳು ದಿನಾ ಕೊಟ್ಟಿದ್ದು, ಅದನ್ನು ನಾನು ಮುಚ್ಚಿಟ್ಟಿದ್ದು. ಅವರು ಪೆನ್ನು ಕೆಳಗಿಟ್ಟರು.

"ಸೊಪ್ಪು ಪೂರ್ತಿ ಬಿಡಿ ಅಂತ ಹೇಳಿದ್ಯಾರಮ್ಮ?"

ಎಲ್ಲರೂ ನಿಮ್ಮ ತಮ್ಮನನ್ನು ನೋಡಿದೆವು. ಅವರು ಗೋಡೆ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದರು.

"ಸೊಪ್ಪು ನೋಡ್ಕೊಂಡು ತಿನ್ನಿ ಅಂತಾರೆ. ಅಂದ್ರೆ ದಿನಾ ಒಂದೇ ಅಳತೆ. ಅದಕ್ಕೆ ತಕ್ಕ ಹಾಗೆ ನಾವು ಮಾತ್ರೆ ಹೊಂದಿಸ್ತೀವಿ. ಒಂದು ಮನೇಲಿ ರಾಶಿ, ಒಂದು ಮನೇಲಿ ಸೊನ್ನೆ ಅಂದ್ರೆ ನಾನು ಯಾವ ಮನೆಗೆ ಮಾತ್ರೆ ಬರೀಲಿ? ಅವತ್ತು ಒಸಡಲ್ಲಿ ರಕ್ತ ಬಂದಿದ್ದೂ ಇದಕ್ಕೇ."

ಮೂಳೆಯ ವಿಷಯ ಕೇಳಿದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಅಂತ ಇರುತ್ತದಂತೆ. ರಕ್ತ ಹೆಪ್ಪುಗಟ್ಟಲೂ ಅದೇ ಬೇಕು, ಮೂಳೆ ಗಟ್ಟಿಯಾಗಲೂ ಅದೇ ಬೇಕು. ಈ ಮಾತ್ರೆ ಅದರ ಕೆಲಸವನ್ನೇ ತಡೆಯುವುದು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಮೂಳೆ ಸವೆಯುತ್ತದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಕೆಲವು ಇಲ್ಲ ಅನ್ನುತ್ತವೆ, ಖಚಿತವಾಗಿ ಹೇಳಲಾರೆ ಅಂದರು. ಅತ್ತೆಯ ವಯಸ್ಸು, ಬಿಸಿಲಿಗೆ ಬಾರದೆ ಮನೆಯೊಳಗೇ ಇರುವುದು, ಸೊಪ್ಪು ಬಿಟ್ಟದ್ದು, ಎಲ್ಲ ಸೇರಿರಬಹುದಂತೆ. ಮೂಳೆಗೆ ಬೇರೆ ಔಷಧಿ ಕೊಟ್ಟಿದ್ದಾರೆ. ರಕ್ತದ ಮಾತ್ರೆ ಮಾತ್ರ ನಾವಾಗಿ ಒಂದು ದಿನವೂ ನಿಲ್ಲಿಸುವಂತಿಲ್ಲ. ಹೊಸ ಮಾತ್ರೆಗಳು ಬಂದಿವೆಯಲ್ಲ ಅಂತ ಕೇಳಿದ್ದಕ್ಕೆ, ಲೋಹದ ವಾಲ್ವಿಗೆ ಅವು ಆಗುವುದಿಲ್ಲ ಅಂದರು.

ಅಲ್ಲೇ ಕೂತಿದ್ದ ಅತ್ತೆ ಏನಂದರು ಗೊತ್ತಾ? "ಇಬ್ರೂ ನನ್ ಒಟ್ಟೇನ ಅಗ್ಗ ಮಾಡ್ಕೊಂಡು ಎಳೆದಾಡಿದ್ರು ಡಾಕ್ಟ್ರೇ." ಡಾಕ್ಟರ್ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದಿನಕ್ಕೆ ಬೇಯಿಸಿದ ಸೊಪ್ಪು ಒಂದು ಸಣ್ಣ ಬಟ್ಟಲು, ಎರಡೂ ಮನೆಯಲ್ಲಿ. ಹಿಡಿ ಲೆಕ್ಕ ಬೇಡ. ನಿಮ್ಮ ಹಿಡಿ ದೊಡ್ಡದು. ನಾನು ಅಳೆಯುವ ಬಟ್ಟಲಿನ ಜೋಡಿಯನ್ನೇ ಚೀಲದಲ್ಲಿ ಇಟ್ಟಿದ್ದೇನೆ. ಸೊಪ್ಪು ಕಳಿಸಿ ಅಕ್ಕ. ಕೇಳುತ್ತಿದ್ದೇನೆ.

ವನಿತಾ

*

ಶಿಡ್ಲಘಟ್ಟ
16 ಫೆಬ್ರವರಿ 2025

ವನಿತಾ,

ಬಟ್ಟಲು ಸಿಕ್ಕಿತು. ನಮ್ಮ ಮನೆಯಲ್ಲಿ ಬಟ್ಟಲಿಗೆ ಬರವಿಲ್ಲ. ನಿನ್ನ ಬಟ್ಟಲಿನಲ್ಲೇ ನಾನು ನನ್ನ ಅಮ್ಮನಿಗೆ ಅಳೆದು ಹಾಕಬೇಕು, ಅಲ್ಲವಾ? ಎರಡು ದಿನ ಅದನ್ನು ಶೆಲ್ಫಿನಲ್ಲಿ ಬೋರಲು ಹಾಕಿಟ್ಟಿದ್ದೆ. ಆಮೇಲೆ ತೆಗೆದು ತೊಳೆದೆ. ದೊಡ್ಡ ಹಿಡಿ ಅಂದಿದ್ದಕ್ಕೆ ನಮ್ಮ ಮನೆಯವರು ಹೊಟ್ಟೆ ಹಿಡಿದು ನಕ್ಕರು. ಅವರ ಜೊತೆ ಮಾತು ಬಿಟ್ಟಿದ್ದೇನೆ.

ಮಾತ್ರೆಯೇ ಮೂಳೆ ತಿಂದಿದ್ದರೆ ಆ ಹಾಳು ಮಾತ್ರೆ ಬಿಸಾಡಿ ಅಂತ ಬರೆಯಲು ಕೂತಿದ್ದೆ. ನಿನ್ನ ಕಾಗದ ಮತ್ತೆ ಓದಿ ಕೈ ತಡೆದೆ. ಮಾತ್ರೆ ಬಿಟ್ಟರೆ ಎದೆ, ತಿಂದರೆ ಮೂಳೆ. ಯಾವುದನ್ನು ಕಾಯುವುದು ಹೇಳು.

ಅಮ್ಮನನ್ನು ಯುಗಾದಿಗೆ ಕಳಿಸು. ಬಟ್ಟಲಿಗಿಂತ ಒಂದು ಎಸಳು ಹೆಚ್ಚು ಹಾಕುವುದಿಲ್ಲ. ಟೆಸ್ಟನ್ನೂ ಇಲ್ಲೇ ಮಾಡಿಸಿ ರಿಪೋರ್ಟು ಫೋನಿನಲ್ಲಿ ಕಳಿಸುತ್ತೇನೆ. ಈ ಸಲ ನನ್ನ ಮೇಲೆ ಯಾರೂ ಬೆರಳು ತೋರಿಸಬಾರದು.

ಇದರ ಜೊತೆ ದಂಟು ಮತ್ತು ಅಣ್ಣೆ ಸೊಪ್ಪು ಇದೆ. ದ್ರೌಪದಮ್ಮನಿಗೆ ಒಂದು ಕಡ್ಡಿಯೂ ಕೊಡಬೇಡ.

ರಾಧಾಮಣಿ

*

ಅಟ್ಟೂರು
27 ಏಪ್ರಿಲ್ 2025

ಅಕ್ಕ,

ರಿಪೋರ್ಟ್ ಬಂತು. ಡಾಕ್ಟರಿಗೆ ತೋರಿಸಿದೆ. "ಈಗ ನೋಡಿ, ಎಷ್ಟೋ ವರ್ಷದಲ್ಲಿ ಇಷ್ಟು ಸರಿಯಾಗಿ ಬಂದಿದ್ದೇ ಇಲ್ಲ. ಈಗ ಎಲ್ಲಿದ್ದಾರೆ ಇವರು?" ಅಂದರು. ನಿಮ್ಮ ಮನೆಯಲ್ಲಿ ಅಂತ ಹೇಳಿದೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತು, ನನ್ನ ಕೈಯಲ್ಲಿ ಯಾಕೆ ಬರಲಿಲ್ಲ ಇದು ಅಂತ ಕಣ್ಣೀರು ಹಾಕಿದೆ. ನಿಮ್ಮ ತಮ್ಮ ಧೂಳು ಬಿತ್ತಾ ಅಂದರು. ಹೂಂ ಅಂದೆ.

ನಿಮಗೆ ಅವರು ಹೆತ್ತ ತಾಯಿ. ಒಂದು ತಿಂಗಳು ಇಟ್ಟುಕೊಂಡರೂ ಮಗಳು ನೋಡಿಕೊಂಡಳು ಅಂತ ಊರು ಹೊಗಳುತ್ತದೆ. ನಾನು ದಿನಾ ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ಕೊಟ್ಟರೂ ಸೊಸೆ, ಮಾಡಬೇಕಾದ್ದು ಮಾಡಿದಳು, ಅಷ್ಟೇ. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ. ನಿಮ್ಮ ಮೇಲಿನ ಸಿಟ್ಟನ್ನು ನಿಮಗೇ ಬರೆಯುತ್ತಿದ್ದೇನೆ, ನೋಡಿ.

ಅವರ ಮಂಚ ಖಾಲಿ ಇದೆ. ಯಾವಾಗ ಕಳಿಸುತ್ತೀರಿ?

ವನಿತಾ

*

ಅಟ್ಟೂರು
25 ಮೇ 2025

ಅಕ್ಕ,

ಈ ಸಲ ಚೀಲವಿಲ್ಲ, ಬಸ್ಸಿಲ್ಲ. ಊಟದ ಕ್ಯಾರಿಯರಿನ ಜೊತೆ ನಿಮ್ಮ ತಮ್ಮನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ನೀವು ಹೆಬ್ಬಾಳದ ಆಸ್ಪತ್ರೆಯಲ್ಲಿ, ನಾನು ಅಟ್ಟೂರಿನಲ್ಲಿ. ಶಿಡ್ಲಘಟ್ಟಕ್ಕಿಂತ ದೂರ ಅನ್ನಿಸುತ್ತಿದೆ.

ಅತ್ತೆ ನಿಮ್ಮ ಅಂಗಳದಲ್ಲಿ ಕುಸಿದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡಾಗ ನೀವು ಒಂದು ಮಾತೂ ಬರೆಯಲಿಲ್ಲ. ಅವರನ್ನು ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಬಂದಿರಿ, ನನ್ನ ಮುಖ ನೋಡಲಿಲ್ಲ. ನಾನು ನಿಮ್ಮ ಮೇಲೆ ತಪ್ಪು ಹಾಕುತ್ತೇನೆ ಅಂದುಕೊಂಡಿರೇನೋ. ಜನವರಿಯಲ್ಲಿ ನನ್ನ ಜಗಲಿಯಲ್ಲಿ ಮಣಿಕಟ್ಟು ಮುರಿದಿದ್ದೂ ಅದೇ ಸವೆದ ಮೂಳೆಯಿಂದಲೇ ಅಲ್ಲವಾ.

ಮಾತ್ರೆ ನಿಲ್ಲಿಸಿ, ರಕ್ತ ಹದಕ್ಕೆ ಬರುವವರೆಗೆ ಕಾದು ಆಪರೇಶನ್ ಮಾಡಿದರು. ಹೆಪ್ಪುಗಟ್ಟದಿರಲಿ ಅಂತ ಹೊಟ್ಟೆಗೆ ಇಂಜೆಕ್ಷನ್ ನಡೆಯುತ್ತಿದೆ. ಈಗ ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಊಟ ಒಳಗೆ ಹೋಗದಿದ್ದರೆ ಮಾತ್ರೆಯ ಲೆಕ್ಕ ಸಿಗುವುದಿಲ್ಲ, ಮೇಲೇಳಲು ಶಕ್ತಿಯೂ ಬರುವುದಿಲ್ಲ ಅಂತ ಡಾಕ್ಟರ್ ನಿಮ್ಮ ತಮ್ಮನಿಗೆ ಹೇಳಿದರಂತೆ.

ವಾರ್ಡಿನಲ್ಲಿ ಒಬ್ಬರಿಗೇ ಪಾಸು ಅಂದಾಗ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ. "ಮಗಳು ನಾನಿದೀನಿ" ಅಂದಿರಿ. ಇರಲಿ. ಆದರೆ ಕ್ಯಾರಿಯರ್ ಪ್ರತಿ ಸಲ ತುಂಬಿದ ಹಾಗೇ ವಾಪಸ್ಸು ಬರುತ್ತಿದೆ. ನಾನು ಕಳಿಸಿದ್ದು ಅಂತ ನೀವು ಕೊಡುತ್ತಿಲ್ಲವೋ, ಅತ್ತೆಯೇ ತಿನ್ನುತ್ತಿಲ್ಲವೋ? ಅದೊಂದು ಹೇಳಿ. ಜಗಳ ಆಮೇಲೆ ಆಡೋಣ.

ವನಿತಾ

*

ಹೆಬ್ಬಾಳ
26 ಮೇ 2025

ವನಿತಾ,

ಕೊಡುತ್ತಿದ್ದೇನೆ. ಅವಳೇ ತಿನ್ನುತ್ತಿರಲಿಲ್ಲ. ಮೊದಲ ದಿನ ಮಾತ್ರ ನಿನ್ನ ಕ್ಯಾರಿಯರ್ ಪಕ್ಕಕ್ಕಿಟ್ಟು, ಇಲ್ಲಿಯ ಕ್ಯಾಂಟೀನಿನ ಗಂಜಿ ಕೊಟ್ಟೆ. ಅದನ್ನು ಉಗಿದಳು.

ಪಾಸು ಹಿಡಿದುಕೊಂಡಾಗ ಗೆದ್ದೆ ಅನ್ನಿಸಿತ್ತು ನನಗೆ. ಇನ್ನು ಯಾರೂ ಮಧ್ಯೆ ಇಲ್ಲ, ಅಮ್ಮ, ನಾನು ಅಷ್ಟೇ ಅಂತ. ಬಂದವರೆಲ್ಲ ಮಗಳಾ ಅಂತ ಕೇಳಿದಾಗ ಎದೆ ಉಬ್ಬಿಸಿ ಹೌದು ಅನ್ನುತ್ತಿದ್ದೆ.

ಆಪರೇಶನ್ ಆದಾಗಿನಿಂದ ಅವಳಿಗೆ ಗೊಂದಲ. ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ, ಕಣ್ಣು ಪೂರ್ತಿ ಬಿಡುವುದಿಲ್ಲ. ವಯಸ್ಸಾದವರಿಗೆ ಹೀಗಾಗುವುದುಂಟು, ಮೆಲ್ಲಗೆ ತಿಳಿಯಾಗುತ್ತದೆ ಅಂದಿದ್ದಾರೆ. ಚಮಚ ತುಟಿಗೆ ತಂದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ. "ವನಿತಾ ಎಲ್ಲೋದ್ಳು?" ಅನ್ನುತ್ತಾಳೆ. "ಅಮ್ಮ, ನಾನು ರಾಧಾಮಣಿ, ನಿನ್ ಮಗಳು" ಅಂದೆ. "ನಮ್ ಸೊಸೇನ ಕರಿಯವ್ವಾ, ಅವ್ಳು ಕೊಟ್ರೆ ತಿಂತೀನಿ" ಅಂದಳು, ಗುರುತಿಲ್ಲದವರ ಹತ್ತಿರ ಮಾತಾಡುವ ಹಾಗೆ. ಆಗ ನಿನ್ನ ಮೇಲೆ ನನಗೆ ಬಂದ ಉರಿಯನ್ನು ಬರೆಯಲಾರೆ. ಕಾರಿಡಾರಿಗೆ ಹೋಗಿ ನಿಂತು ಬಂದೆ. ನಿನ್ನನ್ನು ಕರೆಸಬೇಕಿತ್ತು, ಕರೆಸಲಿಲ್ಲ. ನಾನು ಯಾರು ಅಂತ ಇವಳಿಗೆ ಗೊತ್ತಾಗಲಿ ಅಂತ ಹಟ ಹಿಡಿದೆ. ಅವಳು ಸೊರಗಿದಳು.

ಪಾಸನ್ನು ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಕಾಗದ ಓದಿದ ಮೇಲೆ ಅಡಿಗೆ ಅಂತ ಕೂರಬೇಡ, ಹೊರಟು ಬಾ. ನನ್ನ ಹೊಟ್ಟೆಕಿಚ್ಚು ಎಲ್ಲೂ ಹೋಗಿಲ್ಲ, ನೀನು ಬಂದಾಗ ನನ್ನ ಮುಖದಲ್ಲಿ ಕಾಣುತ್ತದೆ. ನೋಡದ ಹಾಗೆ ಇರು.

ಕ್ಯಾರಿಯರ್ ಖಾಲಿ ಯಾಕಿದೆ ಅಂತ ಕೇಳುತ್ತೀಯ. ಇವತ್ತು ಬೆಳಿಗ್ಗೆ ಮತ್ತೆ "ವನಿತಾ" ಅಂತ ಕೂಗಿದಳು. ನಾನು ಮುದ್ದೆ ಚಿಕ್ಕದಾಗಿ ಮುರಿದು, ನಿನ್ನ ಸಾರಿನಲ್ಲಿ ಅದ್ದಿ, ಹತ್ತಿರ ಹೋಗಿ, "ಬಂದೆ ಅತ್ತೆ, ತಿನ್ನಿ" ಅಂದೆ. ಬಾಯಿ ತೆರೆದಳು.

ರಾಧಾಮಣಿ